ಗಂಧ ಮತ್ತು ಸಮ್ಮತಿ: ಮೈಗಂಪಿನ ಪ್ರಣಯಕಥನಗಳನ್ನು ಪರಮಗೀತೆಯ ಪಕ್ಕದಲ್ಲಿಟ್ಟು ಓದಿದಾಗ

ಪೀಠಿಕೆ

ವಿವಾಹ ಸಿದ್ಧತಾ ಶಿಬಿರಗಳಲ್ಲಿ ಯುವಜನರು ತಮ್ಮ ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಗಳಲ್ಲಿ ಬರೆದು ಕೊಡುವುದು ವಾಡಿಕೆ. ಕೆಲವು ವರ್ಷಗಳ ಹಿಂದೆ ಅಂತಹ ಒಂದು ಶಿಬಿರದಲ್ಲಿ ನನ್ನ ಕೈಗೆ ಬಂದ ಚೀಟಿಯೊಂದರಲ್ಲಿ ಹೀಗೆ ಬರೆದಿತ್ತು: “ಫಾದರ್, ನಮಗೆಂದೇ ಇರುವವರು ಯಾರು ಎಂಬುದು ದೇಹಕ್ಕೆ ತಾನಾಗಿ ಗೊತ್ತಾಗುತ್ತದಂತೆ. ಅವರು ಹತ್ತಿರ ಬಂದರೆ ಮೈವಾಸನೆಯಿಂದಲೇ ತಿಳಿಯುತ್ತದಂತೆ. ನನಗೆ ನಿಶ್ಚಿತಾರ್ಥವಾಗಿ ಮೂರು ತಿಂಗಳಾಯಿತು. ಹಾಗೇನೂ ಆಗಿಲ್ಲ. ಹಾಗಾದರೆ ಈ ಮದುವೆ ದೇವರ ಚಿತ್ತವಲ್ಲವೇ?” ನಾನು ಅದನ್ನು ಗಟ್ಟಿಯಾಗಿ ಓದಿದೆ. ಸಭೆ ನಕ್ಕಿತು. ನಾನೂ ನಕ್ಕೆ. ಪ್ರೀತಿ ಇರುವುದು ಮನಸ್ಸಿನಲ್ಲಿ, ಮೂಗಿನಲ್ಲಲ್ಲ ಎಂಬಂತಹ ಒಂದು ಮಾತು ಹೇಳಿ ಮುಂದಿನ ಚೀಟಿಗೆ ಕೈಹಾಕಿದೆ.

ಮಧ್ಯಾಹ್ನ ಚಹಾದ ಹೊತ್ತಿಗೆ ಆ ಯುವತಿ ತಾವಾಗಿಯೇ ಬಂದು, ಆ ಚೀಟಿ ತಮ್ಮದು ಎಂದರು. ಕಾಲೇಜಿನ ದಿನಗಳಿಂದಲೂ ಮೊಬೈಲಿನಲ್ಲಿ ಇಂಗ್ಲಿಷಿನ ಪ್ರಣಯಕಥೆಗಳನ್ನು ಓದುತ್ತಿದ್ದರಂತೆ. ಆ ಕಥೆಗಳಲ್ಲಿ ನಾಯಕ ನಾಯಕಿಯರು ಒಬ್ಬರನ್ನೊಬ್ಬರು ಗುರುತಿಸುವುದೇ ಮೈಗಂಪಿನಿಂದ. “ಕಥೆ ಎಂದು ನನಗೂ ಗೊತ್ತು ಫಾದರ್, ಆದರೂ ಮನಸ್ಸು ಅದನ್ನೇ ಕಾಯುತ್ತದೆ” ಎಂದರು. ಆ ಮಾತಿನ ಪ್ರಾಮಾಣಿಕತೆಯ ಮುಂದೆ ನನ್ನ ನಗೆ ಅಗ್ಗವೆನಿಸಿತು. ಅವರು ಹೇಳಿದ ಬಗೆಯ ಕಥೆಗಳನ್ನು ನಾನು ಆಮೇಲೆ ಹುಡುಕಿ ಓದಿದೆ. ಅಂದು ನಾನು ಕೊಡಬೇಕಾಗಿದ್ದು ಕೊಡದೆ ಉಳಿಸಿಕೊಂಡ ಉತ್ತರವೇ ಈ ಲೇಖನ.

ಇಂತಹ ಸಾಹಿತ್ಯಕ್ಕೂ ದೈವಶಾಸ್ತ್ರದ ಪತ್ರಿಕೆಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ನಮ್ಮ ಪವಿತ್ರ ಗ್ರಂಥದಲ್ಲಿ ಮೈಗಂಪಿನ ಪ್ರಣಯವನ್ನೇ ಹಾಡುವ ಒಂದು ಪುಸ್ತಕವಿದೆ, ಅದನ್ನು ನಾವು ಗುರುಮಠಗಳಲ್ಲಿ ಪಾಠ ಹೇಳುತ್ತೇವೆ ಎಂಬುದೇ ಸಾಕಷ್ಟು ಉತ್ತರವಾದೀತು. ನಮ್ಮ ಜನರು ಗುಟ್ಟಾಗಿ ಓದುವುದನ್ನು ನಾವು ಬಹಿರಂಗವಾಗಿ ವಿಮರ್ಶಿಸದಿದ್ದರೆ, ಆ ಓದಿನಿಂದ ಅವರಿಗೆ ಸಿಕ್ಕ ದೈವಶಾಸ್ತ್ರ ವಿಮರ್ಶೆಗೆ ಒಳಗಾಗದೆಯೇ ಉಳಿಯುತ್ತದೆ.

ಪ್ರಕಾರದ ಹುಟ್ಟು ಮತ್ತು ಬಗೆ

ಈ ಕಥನಗಳಿಗೆ ಜನಪ್ರಿಯತೆಯ ದೊಡ್ಡ ದಾರಿಯನ್ನು ತೆರೆದದ್ದು 2005ರಲ್ಲಿ ಪ್ರಕಟವಾದ ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ ಕಾದಂಬರಿ. ಅದರಲ್ಲಿ ಶಾಲೆಯ ಜೀವಶಾಸ್ತ್ರದ ತರಗತಿಯಲ್ಲಿ ಬೆಲ್ಲಾ ಹತ್ತಿರ ಬಂದ ಕ್ಷಣವೇ ಅವಳ ರಕ್ತದ ಕಂಪು ರಕ್ತಪಿಶಾಚಿಯಾದ ಎಡ್ವರ್ಡ್‌ನನ್ನು ಅಪ್ಪಳಿಸುತ್ತದೆ. ಅವಳನ್ನು ಕೊಲ್ಲಬೇಕೆಂಬ ಹಸಿವು, ಅವಳನ್ನು ಕಾಯಬೇಕೆಂಬ ಪ್ರೀತಿ ಎರಡೂ ಆ ಒಂದೇ ಕಂಪಿನಿಂದ ಹುಟ್ಟುತ್ತವೆ. ಇಡೀ ಕಥೆ ನಿಂತಿರುವುದು ಅವನ ಸಂಯಮದ ಮೇಲೆ. ಅದು ಸೋತರೆ ಅವಳಿಲ್ಲ.

ಸುಮಾರು 2010ರ ಹೊತ್ತಿಗೆ ‘ಸೂಪರ್‌ನ್ಯಾಚುರಲ್’ ಎಂಬ ಅಮೆರಿಕನ್ ದೂರದರ್ಶನ ಧಾರಾವಾಹಿಯ ಅಭಿಮಾನಿಗಳು ಬರೆಯುತ್ತಿದ್ದ ಕಥೆಗಳಿಂದ ‘ಒಮೆಗಾವರ್ಸ್’ ಎಂಬ ಇನ್ನೊಂದು ಪ್ರಕಾರ ಮೂಡಿತು. ಇದರ ಲೋಕದಲ್ಲಿ ಮನುಷ್ಯರು ತೋಳಗಳ ಹಿಂಡಿನಂತೆ ಆಲ್ಫಾ, ಬೀಟಾ, ಒಮೆಗಾ ಎಂದು ಹುಟ್ಟಿನಿಂದಲೇ ವಿಂಗಡಿತರು. ಪ್ರತಿಯೊಬ್ಬರಿಗೂ ಅವರದೇ ಆದ ಮೈಗಂಪು ಇರುತ್ತದೆ. ಒಬ್ಬರದು ದೇವದಾರು, ಇನ್ನೊಬ್ಬರದು ಮಳೆ ಬಿದ್ದ ನೆಲ, ಮತ್ತೊಬ್ಬರದು ಕಾಫಿ ಅಥವಾ ಜೇನು. ವಿಧಿಯೇ ಗೊತ್ತುಮಾಡಿದ ಸಂಗಾತಿಯ ಕಂಪು ಮೂಗಿಗೆ ತಾಗಿದೊಡನೆ ದೇಹ ತೀರ್ಮಾನಿಸಿಬಿಡುತ್ತದೆ, ಬುದ್ಧಿಗೆ ಉಳಿಯುವುದು ಒಪ್ಪಿಕೊಳ್ಳುವ ಕೆಲಸ ಮಾತ್ರ. ಈ ಲೋಕವನ್ನು ಇಬ್ಬರು ಅಥವಾ ಹಲವರು ಸೇರಿ, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿಕೊಂಡು, ಸರದಿಯ ಮೇಲೆ ಸಂಭಾಷಣೆ ಬರೆಯುತ್ತ ಆಡುವ ರೋಲ್‌ಪ್ಲೇ ಎಂಬ ಆಟವೂ ಇದೆ. ಆಟಕ್ಕೆ ಇಳಿಯುವ ಮೊದಲು ಪಾತ್ರದ ಹೆಸರು, ವಯಸ್ಸಿನ ಜೊತೆಗೆ ಅದರ ಮೈಗಂಪು ಯಾವುದೆಂಬುದನ್ನೂ ನಮೂದಿಸುವುದುಂಟು.

ಸಾಹಿತ್ಯದ ದೃಷ್ಟಿಯಿಂದ ಇವುಗಳಲ್ಲಿ ಬಹಳಷ್ಟು ದುರ್ಬಲವೆಂದು ಹೇಳಲು ಹಿಂಜರಿಯಬೇಕಾಗಿಲ್ಲ. ಪಾತ್ರಪೋಷಣೆಯ ಕೆಲಸವನ್ನು ಗಂಧಕ್ಕೆ ಒಪ್ಪಿಸಿ ಲೇಖಕರು ಕೈತೊಳೆದುಕೊಳ್ಳುತ್ತಾರೆ. ನಾಯಕ ಹೇಗೆ ಯೋಚಿಸುತ್ತಾನೆ ಎಂದು ತಿಳಿಯುವ ಮೊದಲೇ ಅವನ ಮೈ ಏನೆಂದು ಕಂಪಿಸುತ್ತದೆ ಎಂದು ನಮಗೆ ತಿಳಿದಿರುತ್ತದೆ, ಹಲವು ಬಾರಿ ಕೊನೆಯವರೆಗೂ ತಿಳಿಯುವುದು ಅಷ್ಟೇ. ಇನ್ನೊಂದು ಕೊರತೆ ಇದಕ್ಕಿಂತ ಸೂಕ್ಷ್ಮವಾದುದು. ಮೈಯ ಕಂಪನ್ನು ಇಷ್ಟೊಂದು ಕೊಂಡಾಡುವ ಈ ಕಥೆಗಳಲ್ಲಿ ನಿಜವಾದ ಮೈಯ ವಾಸನೆ ಅಪರೂಪ. ಬೆವರು, ಜ್ವರ, ಬಸ್ಸಿನ ಧೂಳು, ಅಡುಗೆಯ ಒಗ್ಗರಣೆ, ಎದೆಹಾಲು ಒಂದೂ ಅಲ್ಲಿ ಸುಳಿಯುವುದಿಲ್ಲ. ದೇಹದ ಸ್ಥಾನದಲ್ಲಿ ಕಾಡು ಮತ್ತು ಸಾಂಬಾರದ ಡಬ್ಬಿ ಬಂದು ಕುಳಿತಿವೆ. ದೇಹದ ಹೆಸರಿನಲ್ಲಿ ದೇಹವನ್ನೇ ಮರೆಮಾಚುವ ವಿಚಿತ್ರ ಸಾಹಿತ್ಯವಿದು.

ಆಕರ್ಷಣೆಯ ಒಳಗುಟ್ಟು

ಹಾಗಿದ್ದೂ ಲಕ್ಷಾಂತರ ಓದುಗರನ್ನು ಇವು ಹಿಡಿದಿಟ್ಟುಕೊಂಡಿವೆ. ಕಾಮಪ್ರಚೋದನೆಯೊಂದೇ ಕಾರಣ ಎನ್ನುವುದು ಸುಲಭ, ಆದರೆ ಅದು ಅರ್ಧಸತ್ಯ. ಈ ಕಥೆಗಳು ಕೊಡುವ ವಾಗ್ದಾನವನ್ನು ಗಮನಿಸಬೇಕು. ನೀನು ಯಾರೆಂದು ವಿವರಿಸಿ ಹೇಳಬೇಕಾಗಿಲ್ಲ. ನಿನ್ನನ್ನು ನೀನು ಸಾಬೀತುಪಡಿಸಬೇಕಾಗಿಲ್ಲ. ರೂಪ, ವೇತನ, ಬಣ್ಣ, ಮನೆತನಗಳ ಪಟ್ಟಿ ಹಿಡಿದು ಯಾರೂ ನಿನ್ನನ್ನು ತೂಗುವುದಿಲ್ಲ. ನೀನು ಇರುವುದರಿಂದಲೇ, ನಿನ್ನ ಉಸಿರಾಟ ಮಾತ್ರದಿಂದಲೇ ಯಾರೋ ನಿನ್ನನ್ನು ಗುರುತಿಸುತ್ತಾರೆ, ಆರಿಸಿಕೊಳ್ಳುತ್ತಾರೆ, ಎಂದೂ ಬಿಟ್ಟುಹೋಗುವುದಿಲ್ಲ. ಸಂಬಂಧ ನೋಡಲು ಬಂದವರ ಮುಂದೆ ತಟ್ಟೆ ಹಿಡಿದು ನಿಂತ ಅನುಭವವಿರುವ ಯುವತಿಗೆ, ಭಾವಚಿತ್ರಗಳನ್ನು ಬೆರಳಿನಿಂದ ಸರಿಸಿ ಜನರನ್ನು ತಿರಸ್ಕರಿಸುವ ನಗರದಲ್ಲಿ ಬಾಳುವ ಯುವಕನಿಗೆ ಇದು ಎಂತಹ ವಾಗ್ದಾನ! ದೈವಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಇದು ಅರ್ಹತೆಯನ್ನು ಕೇಳದೆ ಬರುವ ಕೃಪೆಗಾಗಿ ಇರುವ ಹಸಿವು. ಹಸಿವು ಸತ್ಯವಾದುದು. ಅದನ್ನು ನಾನು ಆ ದಿನ ನಕ್ಕು ತಳ್ಳಿಹಾಕಿದ್ದೆ.

ಆದರೆ ಈ ಕೃಪೆಗೆ ತೆತ್ತ ಬೆಲೆ ಏನು? ಆಯ್ಕೆಯಿಲ್ಲದ ಕೃಪೆ ಇದು. ಆಲ್ಫಾ ಒಮೆಗಾಳನ್ನು ಆರಿಸುವುದಿಲ್ಲ, ಅವನ ಮೂಗು ಆರಿಸುತ್ತದೆ. ಅವಳ ‘ಇಲ್ಲ’ವನ್ನು ಅವಳ ಕಂಪೇ ಸುಳ್ಳುಮಾಡಿಬಿಡುತ್ತದೆ ಎಂದು ಕಥೆ ನಂಬಿಸುತ್ತದೆ. ಈ ತೊಡಕನ್ನು ಕಂಡುಕೊಂಡು ಅದನ್ನೇ ಪ್ರಶ್ನಿಸುವ ಲೇಖಕರು ಈ ಪ್ರಕಾರದೊಳಗೇ ಇದ್ದಾರೆ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಮೈಗಂಪನ್ನು ಅಡಗಿಸುವ ಔಷಧ ನುಂಗಿ ತನ್ನ ಬದುಕನ್ನು ತಾನೇ ನಡೆಸಲು ಹೆಣಗುವ ಪಾತ್ರಗಳು ಅಲ್ಲಿವೆ. ಆದರೂ ಪ್ರಕಾರದ ಒಟ್ಟು ಒಲವು ವಿಧಿಯ ಕಡೆಗೇ.

ರೋಲ್‌ಪ್ಲೇ ಆಟದಲ್ಲಿ ಒಂದು ವೈರುಧ್ಯ ಎದ್ದು ಕಾಣುತ್ತದೆ. ಜವಾಬ್ದಾರಿಯುಳ್ಳ ಆಟಗಾರರು ಆಟ ಆರಂಭಿಸುವ ಮೊದಲು ತಮ್ಮ ನಿಜವಾದ ಧ್ವನಿಯಲ್ಲಿ ಮಾತನಾಡಿಕೊಳ್ಳುತ್ತಾರೆ. ಇದು ನಿನಗೆ ಒಪ್ಪಿಗೆಯೇ, ಯಾವುದು ಬೇಡ, ಎಲ್ಲಿ ನಿಲ್ಲಿಸಬೇಕು ಎಂದು ಕೇಳಿ ತಿಳಿದ ಮೇಲೆಯೇ, ಯಾರೂ ಯಾರ ಒಪ್ಪಿಗೆಯನ್ನೂ ಕೇಳದ ಆ ಲೋಕವನ್ನು ಪ್ರವೇಶಿಸುತ್ತಾರೆ. ಕಥೆಯೊಳಗೆ ಇಲ್ಲದ ಸಮ್ಮತಿ ಕಥೆಯ ಹೊಸ್ತಿಲಲ್ಲಿದೆ. ಮನುಷ್ಯರು ತಮ್ಮ ಕಲ್ಪನೆಗಿಂತ ಉತ್ತಮರು ಎಂಬುದಕ್ಕೆ ಇದೊಂದು ಸಾಕ್ಷಿ. ಕೇಳದೆಯೇ ದೊರಕುವ ಪ್ರೀತಿಯನ್ನು ಕನಸುವುದಕ್ಕೂ ಅವರಿಗೆ ಮೊದಲು ಯಾರಾದರೂ ‘ಒಪ್ಪಿಗೆಯೇ?’ ಎಂದು ಕೇಳಬೇಕಾಗಿದೆ.

ಪ್ರಕೃತಿಯ ಹೆಸರಿನಲ್ಲಿ

ಮೈಗಂಪಿನ ವಿಧಿವಾದಕ್ಕೆ ವಿಜ್ಞಾನದ ಆಧಾರವಿದೆ ಎಂಬ ಭಾವನೆ ಸಾಮಾನ್ಯ. 1959ರಲ್ಲಿ ಅಡಾಲ್ಫ್ ಬುಟೆನಾಂಟ್ ಮತ್ತು ಸಂಗಡಿಗರು ಹೆಣ್ಣು ರೇಷ್ಮೆ ಪತಂಗದಿಂದ ಬಾಂಬಿಕಾಲ್ ಎಂಬ ದ್ರವ್ಯವನ್ನು ಬೇರ್ಪಡಿಸಿದರು. ಅದರ ಅತ್ಯಲ್ಪ ಅಂಶವೂ ಗಂಡು ಪತಂಗವನ್ನು ತನ್ನೆಡೆಗೆ ಸೆಳೆಯುತ್ತದೆ. ಇಂತಹ ದ್ರವ್ಯಗಳಿಗೆ ಅದೇ ವರ್ಷ ಫೆರೊಮೋನ್ ಎಂಬ ಹೆಸರು ಬಂತು. ಮನುಷ್ಯರಲ್ಲಿ ಹೀಗೆ ಕೆಲಸ ಮಾಡುವ ಕಾಮಾಕರ್ಷಕ ಫೆರೊಮೋನ್ ಯಾವುದೂ ಇದುವರೆಗೆ ಸ್ಥಿರಪಟ್ಟಿಲ್ಲ. 1995ರಲ್ಲಿ ಬರ್ನ್ ನಗರದಲ್ಲಿ ಕ್ಲೌಸ್ ವೆಡೆಕಿಂಡ್ ನಡೆಸಿದ ಪ್ರಸಿದ್ಧ ಪ್ರಯೋಗದಲ್ಲಿ, ಪುರುಷರು ಎರಡು ರಾತ್ರಿ ಧರಿಸಿದ ಅಂಗಿಗಳನ್ನು ಮೂಸಿದ ಮಹಿಳೆಯರು ತಮ್ಮದಕ್ಕಿಂತ ಭಿನ್ನವಾದ ರೋಗನಿರೋಧಕ ವಂಶವಾಹಿಗಳುಳ್ಳವರ ವಾಸನೆಯನ್ನು ಹೆಚ್ಚು ಮೆಚ್ಚಿದರು. ಗರ್ಭನಿರೋಧಕ ಮಾತ್ರೆ ಸೇವಿಸುತ್ತಿದ್ದವರಲ್ಲಿ ಈ ಒಲವು ತಿರುವುಮುರುವಾಗಿತ್ತು. ಮುಂದೆ ಇತರರು ನಡೆಸಿದ ಪ್ರಯೋಗಗಳ ಫಲಿತಾಂಶಗಳು ಒಂದೇ ದಿಕ್ಕಿನವಾಗಿಲ್ಲ. ವಾಸನೆಗೆ ಪ್ರಭಾವವಿದೆ ಎನ್ನಬಹುದು, ಪ್ರಭುತ್ವವಿದೆ ಎನ್ನಲಾಗದು.

ತೋಳಗಳ ಕಥೆ ಇನ್ನೂ ಬೋಧಪ್ರದ. ಹಿಂಡಿನ ಮೇಲೆ ದೊರೆತನ ನಡೆಸುವ ‘ಆಲ್ಫಾ’ ಎಂಬ ಕಲ್ಪನೆಯ ಮೂಲ 1947ರಲ್ಲಿ ರುಡಾಲ್ಫ್ ಶೆಂಕೆಲ್ ಪ್ರಕಟಿಸಿದ ಅಧ್ಯಯನದಲ್ಲಿದೆ. ಅವರು ನೋಡಿದ್ದು ಬಾಸೆಲ್ ಮೃಗಾಲಯದ ಬೇಲಿಯೊಳಗೆ ಒಟ್ಟಿಗೆ ಕೂಡಿಹಾಕಿದ್ದ ತೋಳಗಳನ್ನು. 1970ರ ತನ್ನ ಪುಸ್ತಕದಲ್ಲಿ ಈ ಕಲ್ಪನೆಯನ್ನು ಪ್ರಚುರಪಡಿಸಿದ ಡೇವಿಡ್ ಮೆಕ್ ಅವರೇ, ಕಾಡಿನ ತೋಳಗಳನ್ನು ವರ್ಷಗಟ್ಟಲೆ ಗಮನಿಸಿದ ಮೇಲೆ, 1999ರಲ್ಲಿ ಅದನ್ನು ತಿದ್ದಿದರು. ಸ್ವತಂತ್ರ ತೋಳಗಳ ಹಿಂಡು ಎಂದರೆ ಸಾಮಾನ್ಯವಾಗಿ ಒಂದು ಕುಟುಂಬ, ತಂದೆತಾಯಿ ಮತ್ತು ಮರಿಗಳು. ಸೆರೆಯಲ್ಲಿದ್ದ ಜೀವಿಗಳ ನಡತೆಯನ್ನು ಅವುಗಳ ಸಹಜ ಸ್ವಭಾವವೆಂದು ತಪ್ಪಾಗಿ ಗ್ರಹಿಸಿದ್ದೇ ಆಲ್ಫಾ ಸಿದ್ಧಾಂತ. ಪತಿತ ಸ್ಥಿತಿಯನ್ನೇ ಪ್ರಕೃತಿಯೆಂದು ಭ್ರಮಿಸಬೇಡಿ ಎಂದು ಮೂಲಪಾಪದ ಬೋಧನೆ ಹೇಳುವುದೂ ಇದನ್ನೇ ಅಲ್ಲವೇ? ಬಂಧನದಲ್ಲಿ ಕಲಿತ ಆಸೆಯನ್ನು ಸೃಷ್ಟಿಕರ್ತನ ಯೋಜನೆಯೆಂದು ಕರೆಯಲಾಗದು.

ಗಂಧವಿಲ್ಲದವನ ಸಾಕ್ಷ್ಯ

ಮೈಗಂಪನ್ನು ಕುರಿತ ಕಾಲ್ಪನಿಕ ಸಾಹಿತ್ಯದಲ್ಲಿ ಶ್ರೇಷ್ಠ ಕೃತಿಯೊಂದಿದ್ದರೆ ಅದು 1985ರಲ್ಲಿ ಪ್ರಕಟವಾದ ಪಾಟ್ರಿಕ್ ಸ್ಯೂಸ್‌ಕಿಂಡ್ ಅವರ ಜರ್ಮನ್ ಕಾದಂಬರಿ ‘ಸುಗಂಧ’. ಅದರ ನಾಯಕ ಗ್ರೆನೂಯ್ 1738ರ ಪ್ಯಾರಿಸ್ಸಿನಲ್ಲಿ ಹುಟ್ಟುತ್ತಾನೆ. ಲೋಕದ ಎಲ್ಲ ವಾಸನೆಗಳನ್ನೂ ಬಿಡಿಸಿ ಹೇಳಬಲ್ಲ ಅವನ ಮೈಗೆ ತನ್ನದೆಂಬ ವಾಸನೆಯಿಲ್ಲ. ಪ್ರೀತಿಪಾತ್ರನಾಗಲು ಅವನು ಹಿಡಿಯುವ ದಾರಿ ಘೋರವಾದುದು. ಕನ್ಯೆಯರನ್ನು ಕೊಂದು ಅವರ ಮೈಗಂಪನ್ನು ಭಟ್ಟಿಯಿಳಿಸಿ ಸುಗಂಧವನ್ನು ತಯಾರಿಸುತ್ತಾನೆ. ಅದನ್ನು ಪೂಸಿಕೊಂಡು ವಧಾಸ್ಥಾನಕ್ಕೆ ಬಂದಾಗ, ಅವನ ಸಾವನ್ನು ನೋಡಲು ಕಾದಿದ್ದ ಜನಸಾಗರ ಅವನನ್ನು ಆರಾಧಿಸುತ್ತದೆ. ಬಯಸಿದ್ದೆಲ್ಲ ಸಿಕ್ಕ ಆ ಘಳಿಗೆಯಲ್ಲಿ ಅವನಲ್ಲಿ ಉಕ್ಕುವುದು ಜಿಗುಪ್ಸೆ. ಏಕೆಂದರೆ ಅವರು ಪ್ರೀತಿಸುತ್ತಿರುವುದು ಅವನನ್ನಲ್ಲ, ಪ್ರೀತಿಸದಿರುವ ಶಕ್ತಿಯೂ ಅವರಿಗಿಲ್ಲ. ಕೊನೆಗೆ ಪ್ಯಾರಿಸ್ಸಿನ ಸ್ಮಶಾನದಲ್ಲಿ ಒಂದು ಗುಂಪು ಪ್ರೀತಿಯ ಅಮಲಿನಲ್ಲಿಯೇ ಅವನನ್ನು ತಿಂದು ಮುಗಿಸುತ್ತದೆ. ಬಲವಂತವಾಗಿ ಹುಟ್ಟಿಸಿದ ಪ್ರೀತಿ ಯಾರನ್ನೂ ಪ್ರೀತಿಸದು ಎಂಬ ಸತ್ಯವನ್ನು ದೇವರ ಹೆಸರೆತ್ತದೆ ಇಷ್ಟು ನಿಷ್ಠುರವಾಗಿ ಹೇಳಿದ ಆಧುನಿಕ ಕೃತಿ ನನಗೆ ತಿಳಿದಂತೆ ಇನ್ನೊಂದಿಲ್ಲ.

ಘ್ರಾಣವು ಸ್ವಾತಂತ್ರ್ಯಕ್ಕೆ ವಿರುದ್ಧವಾದ ಇಂದ್ರಿಯ ಎಂದು ಇಮ್ಮಾನ್ಯುಯೆಲ್ ಕಾಂಟ್ 1798ರ ತನ್ನ ಮಾನವಶಾಸ್ತ್ರದ ಗ್ರಂಥದಲ್ಲಿ ವಾದಿಸಿದ್ದುಂಟು. ಕಣ್ಣು ಮುಚ್ಚಬಹುದು, ಆದರೆ ಪಕ್ಕದವನ ವಾಸನೆಯನ್ನು ಬೇಡವೆಂದರೂ ಉಸಿರಾಡಲೇಬೇಕು. ಮಹಾಭಾರತದ ಆದಿಪರ್ವವೂ ಈ ಎಚ್ಚರವನ್ನು ತನ್ನದೇ ರೀತಿಯಲ್ಲಿ ಬಲ್ಲದು. ಮೀನಿನ ವಾಸನೆಯ ಮತ್ಸ್ಯಗಂಧಿ ಪರಾಶರನ ವರದಿಂದ ಯೋಜನಗಂಧಿಯಾದಳು. ಆ ಕಂಪಿನ ಬೆನ್ನುಹತ್ತಿ ಯಮುನೆಯ ದಡಕ್ಕೆ ಬಂದವನು ಶಂತನು. ಆ ಸೆಳೆತದ ಬೆಲೆಯನ್ನು ತನ್ನ ಇಡೀ ಬಾಳಿನಿಂದ ತೆತ್ತವನು ಮಾತ್ರ ಮಗ ದೇವವ್ರತ. ನಮ್ಮ ಭಾಷೆಯೂ ಈ ವಿಷಯದಲ್ಲಿ ಜಾಣೆ. ಕಂಪು, ಸೊಗಡು, ನಾತಗಳೆಂದು ಮೂಗಿನ ಅನುಭವಗಳನ್ನು ಬೇರ್ಪಡಿಸುವ ಕನ್ನಡ, ‘ವಾಸನೆ’ ಎಂಬ ಒಂದೇ ಪದದಲ್ಲಿ ಮೂಗಿಗೆ ತಾಗುವುದನ್ನೂ ಮನಸ್ಸಿಗೆ ಅಂಟಿದ ಹಳೆಯ ಸಂಸ್ಕಾರವನ್ನೂ ಸೂಚಿಸುತ್ತದೆ. ಸೆಳೆತ ಎಂದು ನಾವು ಕರೆಯುವುದು ಎಷ್ಟೋ ಸಲ ನಮ್ಮ ಹಳೆಯ ವಾಸನೆಯೇ, ವಿಧಿಯ ಕರೆಯಲ್ಲ.

ಇಸಾಕನ ಮೂಗು

ಪವಿತ್ರ ಗ್ರಂಥದಲ್ಲಿ ಮೈವಾಸನೆಯಿಂದ ವ್ಯಕ್ತಿಯನ್ನು ಗುರುತಿಸುವ ಪ್ರಸಂಗ ಒಂದಿದೆ. ಆದಿಕಾಂಡದ 27ನೇ ಅಧ್ಯಾಯದಲ್ಲಿ ದೃಷ್ಟಿ ಮಂದವಾದ ಇಸಾಕನ ಮುಂದೆ, ಏಸಾವನ ಉಡುಪನ್ನು ತೊಟ್ಟು, ಕೈಗಳಿಗೆ ಮೇಕೆಮರಿಯ ಚರ್ಮವನ್ನು ಸುತ್ತಿಕೊಂಡು ಯಕೋಬ ನಿಲ್ಲುತ್ತಾನೆ. ಮುದುಕನಿಗೆ ಸಂಶಯ. ಧ್ವನಿ ಯಕೋಬನದೆಂದು ಕಿವಿ ಹೇಳುತ್ತಿದೆ, ಕೈ ಏಸಾವನದೆಂದು ಸ್ಪರ್ಶ ಹೇಳುತ್ತಿದೆ. ಮಗನನ್ನು ಹತ್ತಿರ ಕರೆದು ಮುದ್ದಿಡುವಾಗ ಬಟ್ಟೆಯ ವಾಸನೆ ಮೂಗಿಗೆ ಬರುತ್ತದೆ, ಹೊಲದ ಕಂಪು. ಅಲ್ಲಿಗೆ ಸಂಶಯ ತೀರಿತು, ಆಶೀರ್ವಾದ ಹರಿಯಿತು. ನಮ್ಮ ಮಹಾಕಾವ್ಯಗಳಲ್ಲಿ ಹಿರಿಯರು ಮಕ್ಕಳ ನೆತ್ತಿಯನ್ನು ಆಘ್ರಾಣಿಸುವುದನ್ನು ಬಲ್ಲ ನಮಗೆ ಈ ದೃಶ್ಯದ ವಾತ್ಸಲ್ಯ ಅಪರಿಚಿತವಲ್ಲ. ಆದರೆ ನಡೆದದ್ದು ವಂಚನೆ. ಇಸಾಕನ ಇಂದ್ರಿಯಗಳಲ್ಲಿ ನಿಜ ನುಡಿದದ್ದು ಕಿವಿ, ಮೋಸಹೋದದ್ದು ಮೂಗು. ಧ್ವನಿಯನ್ನು ಬಿಟ್ಟು ಗಂಧವನ್ನು ನಂಬಿದ್ದೇ ಅವನ ತಪ್ಪಾಯಿತು. ಮೈಗಂಪು ಸುಳ್ಳಾಡಲಾರದು ಎಂಬ ಪ್ರಣಯಕಥನಗಳ ಮೂಲನಂಬಿಕೆಗೆ ಇದಕ್ಕಿಂತ ಹಳೆಯ ಪ್ರತ್ಯುತ್ತರ ಬೇಕೇ?

ಪರಮಗೀತೆಯ ತೋಟ

ಹಾಗೆಂದು ಗಂಧವನ್ನು ಶಂಕಿಸುವುದೇ ಕ್ರೈಸ್ತ ದೃಷ್ಟಿ ಎಂದರೆ ಪರಮಗೀತೆಯನ್ನು ಪವಿತ್ರ ಗ್ರಂಥದಿಂದ ಹರಿದು ಹಾಕಬೇಕಾಗುತ್ತದೆ. ಎಂಟೇ ಅಧ್ಯಾಯಗಳ ಆ ಕಾವ್ಯದಲ್ಲಿ ಜಟಾಮಾಂಸಿ, ರಕ್ತಬೋಳ, ಧೂಪ, ಕೇಸರಿ, ದಾಲ್ಚಿನ್ನಿ, ಅಗರು, ಗೋರಂಟಿ ಎಲ್ಲವೂ ಕಂಪಿಸುತ್ತವೆ. ಜಟಾಮಾಂಸಿ ನಮ್ಮ ಹಿಮಾಲಯದ ಬೇರು. ಅದರ ಹೀಬ್ರೂ ಹೆಸರಾದ ‘ನೇರ್ದ್’ ಸಂಸ್ಕೃತದ ‘ನಲದ’ದಿಂದ ಹೊರಟು ಅಲ್ಲಿಗೆ ತಲುಪಿದೆ. ಪ್ರಿಯೆಯ ಉಸಿರಿನ ಕಂಪನ್ನೂ ಅವಳ ಉಡುಪಿನ ಕಂಪನ್ನೂ ಈ ಕಾವ್ಯ ನಾಚದೆ ಹೊಗಳುತ್ತದೆ.

ನಮ್ಮ ಪರಂಪರೆ ಇದನ್ನು ಹೇಗೆ ಓದಿತು? ಮೂರನೆಯ ಶತಮಾನದ ಓರಿಜೆನ್ ದೇಹಕ್ಕಿರುವಂತೆ ಆತ್ಮಕ್ಕೂ ಘ್ರಾಣೇಂದ್ರಿಯವಿದೆ ಎಂದು ಬೋಧಿಸಿದ. ಅವನ ಜಾಡಿನಲ್ಲಿ ನಿಸ್ಸಾದ ಗ್ರೆಗೊರಿ, ಕ್ಲೆರ್ವೋದ ಬರ್ನಾರ್ಡ್ ಮುಂತಾದ ಮಹನೀಯರು ನಡೆದರು. ಅದು ಅಮೂಲ್ಯವಾದ ಪರಂಪರೆ. ಆದರೆ ನಾನು ತರಗತಿಯಲ್ಲಿ ಆ ಪರಂಪರೆಯನ್ನು ಬಳಸಿದ ಬಗೆ ಬೇರೆ. ವಿದ್ಯಾರ್ಥಿಗಳ ಮುಖ ಕೆಂಪಾಗುವ ಮೊದಲೇ ಜಟಾಮಾಂಸಿ ಎಂದರೆ ವಿನಯ, ರಕ್ತಬೋಳ ಎಂದರೆ ತಪಸ್ಸು ಎಂದು ಹೇಳಿ ಪುಟ ತಿರುಗಿಸುತ್ತಿದ್ದೆ. ರೂಪಕಾರ್ಥ ಪರದೆಯಾಗಿ ಕೆಲಸ ಮಾಡುತ್ತಿತ್ತು. ಸಂತ ಅಗಸ್ಟಿನರು ತಮ್ಮ ‘ಅರಿಕೆಗಳು’ ಗ್ರಂಥದ ಹತ್ತನೆಯ ಪುಸ್ತಕದಲ್ಲಿ ಇಂದ್ರಿಯಗಳ ಪ್ರಲೋಭನೆಯನ್ನು ಒಂದೊಂದಾಗಿ ಪರಿಶೀಲಿಸುವಾಗ, ಸುಗಂಧದ ಸೆಳೆತ ತಮ್ಮನ್ನು ಹೆಚ್ಚು ಕಾಡುವುದಿಲ್ಲ ಎಂದು ಕೆಲವೇ ಸಾಲುಗಳಲ್ಲಿ ದಾಟಿಹೋಗುತ್ತಾರೆ, ತಾವು ಅದರಲ್ಲೂ ಮೋಸಹೋಗಿರಬಹುದು ಎಂದು ಸೇರಿಸುವುದನ್ನು ಮರೆಯದೆ. ನಮಗೆ ಆ ಎರಡನೆಯ ಮಾತಿನ ಎಚ್ಚರ ಬೇಕಾಗಿತ್ತು.

ಪಠ್ಯವನ್ನು ಅಕ್ಷರಶಃ ಓದಿದಾಗ ಕಾಣುವುದೇನು? ನಾಲ್ಕನೆಯ ಅಧ್ಯಾಯದಲ್ಲಿ ಪ್ರಿಯನು ಪ್ರಿಯೆಯನ್ನು ಬೀಗ ಹಾಕಿದ ತೋಟಕ್ಕೆ ಹೋಲಿಸುತ್ತಾನೆ. ಪರಿಮಳಗಳೆಲ್ಲ ಒಳಗಿವೆ. ಅವನು ಬೀಗ ಮುರಿಯುವುದಿಲ್ಲ. ಅಧ್ಯಾಯದ ಕೊನೆಯ ವಚನದಲ್ಲಿ ಉತ್ತರದ ಗಾಳಿಗೂ ದಕ್ಷಿಣದ ಗಾಳಿಗೂ ಕರೆ ಹೋಗುತ್ತದೆ, ತೋಟದ ಮೇಲೆ ಬೀಸಿ ಅದರ ಕಂಪನ್ನು ಹೊರಸೂಸುವಂತೆ. ಬಳಿಕ ಪ್ರಿಯೆ ತನ್ನ ಬಾಯಿಂದಲೇ ಅವನನ್ನು ತೋಟದೊಳಗೆ ಬರಮಾಡಿಕೊಳ್ಳುತ್ತಾಳೆ. ಆ ಆಹ್ವಾನವಾದ ಮೇಲೆಯೇ ಮುಂದಿನ ವಚನದಲ್ಲಿ ಅವನು ಬಂದೆನೆನ್ನುವುದು. ಇಲ್ಲಿ ಕಂಪು ಅವಳ ಸಮ್ಮತಿಯನ್ನು ಮೀರಿ ಸೋರುವ ರಹಸ್ಯವಲ್ಲ. ಅದು ಅವಳ ಮಾತಿನ ಜೊತೆಯಲ್ಲಿ ಹೊರಡುತ್ತದೆ. ಹೀಬ್ರೂ ಭಾಷೆಯಲ್ಲಿ ಗಂಧವನ್ನು ಹೇಳುವ ‘ರೇಆಹ್’, ಗಾಳಿಯನ್ನೂ ಆತ್ಮವನ್ನೂ ಹೇಳುವ ‘ರೂಆಹ್’ ಒಂದಕ್ಕೊಂದು ನೆಂಟ ಪದಗಳು. ಗಂಧವನ್ನು ಆತ್ಮದಿಂದ ಬೇರ್ಪಡಿಸಿ ಬರಿಯ ರಸಾಯನವಾಗಿಸುವುದಕ್ಕೆ ಆ ಭಾಷೆಯೇ ಒಗ್ಗುವುದಿಲ್ಲ.

ಐದನೆಯ ಅಧ್ಯಾಯ ಇನ್ನೂ ಆಳವಾದುದು. ರಾತ್ರಿ ಪ್ರಿಯ ಬಾಗಿಲು ತಟ್ಟಿ ಕರೆಯುತ್ತಾನೆ. ಅವಳು ತಡಮಾಡುತ್ತಾಳೆ. ಉಡುಪು ಕಳಚಿಯಾಯಿತು, ಕಾಲು ತೊಳೆದಾಯಿತು ಎಂದು ನೆಪ ಹೇಳುತ್ತಾಳೆ. ಕೊನೆಗೆ ಎದ್ದು ಬಂದಾಗ ಅಗುಳಿಯ ಮೇಲಿಟ್ಟ ಅವಳ ಬೆರಳುಗಳಿಂದ ರಕ್ತಬೋಳ ತೊಟ್ಟಿಕ್ಕುತ್ತದೆ. ಬಾಗಿಲು ತೆರೆದರೆ ಅವನಿಲ್ಲ. ಒಮೆಗಾವರ್ಸ್‌ನ ಆಲ್ಫಾ ಆಗಿದ್ದರೆ ಬಾಗಿಲು ಉಳಿಯುತ್ತಿರಲಿಲ್ಲ. ಪರಮಗೀತೆಯ ಪ್ರಿಯ ತಟ್ಟಿದ, ಕಾದ, ಹೊರಟುಹೋದ. ಅವಳ ತಡಮಾಡುವ ಹಕ್ಕನ್ನು ಗೌರವಿಸಿದ ಪ್ರೀತಿಯ ಗುರುತಾಗಿ ಅಗುಳಿಯ ಮೇಲೆ ಪರಿಮಳವೊಂದೇ ಉಳಿದಿದೆ. ಕಂಪು ಕರೆಯುತ್ತದೆ, ಎಳೆಯುವುದಿಲ್ಲ. ಪ್ರೀತಿಯನ್ನು ಅದು ತಾನೇ ಬಯಸುವ ತನಕ ಎಬ್ಬಿಸಬೇಡಿ ಎಂಬ ಆಣೆಯನ್ನು ಈ ಕಾವ್ಯ ಮೂರು ಬಾರಿ ಇಡುವುದರ ಅರ್ಥ ಈ ಬಾಗಿಲಲ್ಲಿ ನಿಂತವರಿಗೆ ತಿಳಿಯುತ್ತದೆ.

ಧರ್ಮಸಭೆಯ ಕಾನೂನು ಸಂಹಿತೆಯ 1057ನೇ ವಿಧಿ ಇದನ್ನೇ ತನ್ನ ಒಣಭಾಷೆಯಲ್ಲಿ ಹೇಳುತ್ತದೆ. ವಿವಾಹವನ್ನು ಉಂಟುಮಾಡುವುದು ಇಬ್ಬರ ಸಮ್ಮತಿ. ಅದರ ಕೊರತೆಯನ್ನು ಯಾವ ಮಾನವ ಶಕ್ತಿಯೂ ತುಂಬಿಕೊಡಲಾಗದು. ತಂದೆತಾಯಿಗಳ ಒತ್ತಡ ತುಂಬಲಾಗದು, ವರದಕ್ಷಿಣೆ ತುಂಬಲಾಗದು. ನಾನು ಇಷ್ಟನ್ನು ಸೇರಿಸಲು ಬಯಸುತ್ತೇನೆ: ಮೈಯ ಸೆಳೆತವೂ ತುಂಬಲಾಗದು.

ನಾತವನ್ನು ಸಹಿಸುವ ಪ್ರೀತಿ

ಪ್ರಣಯಕಥನಗಳಲ್ಲಿ ಯಾರೂ ಮುದುಕರಾಗುವುದಿಲ್ಲ, ಯಾರ ಮೈಯೂ ನಾರುವುದಿಲ್ಲ. ಶುಭಸಂದೇಶದಲ್ಲಿ ಹಾಗಿಲ್ಲ. ಸಂತ ಯೊವಾನ್ನರು ಎರಡು ವಾಸನೆಗಳನ್ನು ಅಕ್ಕಪಕ್ಕದ ಅಧ್ಯಾಯಗಳಲ್ಲಿ ಇಟ್ಟಿದ್ದಾರೆ. ಹನ್ನೊಂದರಲ್ಲಿ ನಾಲ್ಕು ದಿನಗಳ ಶವದ ನಾತದ ಬಗ್ಗೆ ಮಾರ್ತಳು ಎಚ್ಚರಿಸುತ್ತಾಳೆ, ಯೇಸು ಆದರೂ ಕಲ್ಲನ್ನು ಸರಿಸಲು ಹೇಳುತ್ತಾರೆ. ಹನ್ನೆರಡರಲ್ಲಿ ಅದೇ ಬೆಥಾನಿಯದಲ್ಲಿ ಮರಿಯ ಸುರಿದ ಜಟಾಮಾಂಸಿ ತೈಲದ ಪರಿಮಳ ಮನೆಯನ್ನು ತುಂಬುತ್ತದೆ. ಯೇಸು ಅದನ್ನು ತಮ್ಮ ಶವಸಂಸ್ಕಾರದೊಂದಿಗೆ ಕೂಡಿಸುತ್ತಾರೆ. ಪರಮಗೀತೆಯ ರಕ್ತಬೋಳ ಮತ್ತು ಅಗರು ನಿಕೊದೇಮನ ಕೈಯಲ್ಲಿ ಸಮಾಧಿಯನ್ನು ತಲುಪುತ್ತವೆ. ಪ್ರಣಯದ ಗಂಧವೂ ಮರಣದ ಗಂಧವೂ ಒಂದೇ ಆದ ಸ್ಥಳದಲ್ಲಿ ಕ್ರೈಸ್ತ ಪ್ರೀತಿ ನಿಂತಿದೆ. ಸಂತ ಪೌಲರು ನಮ್ಮನ್ನೇ ಕ್ರಿಸ್ತರ ಪರಿಮಳವೆಂದು ಕರೆದದ್ದೂ, ಧರ್ಮಸಭೆ ತೈಲಕ್ಕೆ ಪರಿಮಳದ್ರವ್ಯವನ್ನು ಬೆರೆಸಿ ದೀಕ್ಷಾಸ್ನಾನ ಪಡೆದವರ ನೆತ್ತಿಗೆ ಹಚ್ಚುವುದೂ ಈ ಪ್ರೀತಿಯ ಹೆಸರಿನಲ್ಲಿಯೇ.

ನಾನು ಹೊಸದಾಗಿ ಗುರುವಾಗಿದ್ದಾಗ ಒಂದು ಹಳ್ಳಿಮನೆಗೆ ರೋಗಿಗಳ ಅಭ್ಯಂಗ ಸಂಸ್ಕಾರ ನೀಡಲು ಹೋಗಿದ್ದೆ. ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದ ವೃದ್ಧೆ. ಬೆನ್ನಿನ ಹುಣ್ಣುಗಳ ನಾತಕ್ಕೆ ನಾನು ಬಾಗಿಲಲ್ಲೇ ಒಂದು ಕ್ಷಣ ತಡೆದೆ. ಅವರ ಗಂಡ ಅದನ್ನು ಗಮನಿಸಿದರೋ ಇಲ್ಲವೋ ತಿಳಿಯದು. ಬಿಸಿನೀರಿನಲ್ಲಿ ಬಟ್ಟೆ ಅದ್ದಿ, ಹೆಂಡತಿಯ ಕಿವಿಯ ಬಳಿ ಬಾಗಿ, “ತಿರುಗಿಸಲಾ?” ಎಂದು ಕೇಳಿದರು. ಆಕೆ ಕಣ್ಣಿನಿಂದ ಹೂಂ ಎಂದ ಮೇಲೆಯೇ ಮೈಗೆ ಕೈ ಹಚ್ಚಿದರು. ಐವತ್ತು ವರ್ಷ ಬಾಳಿದ ಮೇಲೂ, ಅಂತಹ ಸ್ಥಿತಿಯಲ್ಲೂ, ಅವರು ಕೇಳುತ್ತಿದ್ದರು.

ಉಪಸಂಹಾರ

ಆ ಯುವತಿಗೆ ನಾನು ಇಂದು ಏನು ಹೇಳುತ್ತೇನೆ? ನಿಮ್ಮ ಕಾಯುವಿಕೆ ಮೂರ್ಖತನವಲ್ಲ ಎಂದು ಮೊದಲು ಹೇಳುತ್ತೇನೆ. ಇರುವಂತೆಯೇ ಗುರುತಿಸಲ್ಪಡಬೇಕು, ಆರಿಸಲ್ಪಡಬೇಕು ಎಂಬ ಆಸೆಯನ್ನು ನಿಮ್ಮಲ್ಲಿಟ್ಟವರು ದೇವರೇ. ದೇಹದ ಒಲವನ್ನೂ ತಿರಸ್ಕರಿಸಬೇಡಿ. ನಿಮ್ಮ ಭಾವೀ ಪತಿಯ ಸಾಮೀಪ್ಯದಲ್ಲಿ ನಿಮಗೆ ನೆಮ್ಮದಿಯಿದೆಯೇ, ಭಯವಿದೆಯೇ, ಅಸಹ್ಯವಿದೆಯೇ ಎಂಬುದನ್ನು ಪ್ರಾಮಾಣಿಕವಾಗಿ ಗಮನಿಸಿ. ಭಯ ಅಥವಾ ಅಸಹ್ಯವಿದ್ದರೆ ನಿಶ್ಚಿತಾರ್ಥ ಮುರಿಯುವ ಸ್ವಾತಂತ್ರ್ಯ ನಿಮಗಿದೆ, ನಾನು ನಿಮ್ಮ ಮನೆಯವರೊಡನೆ ಮಾತನಾಡುತ್ತೇನೆ. ಆದರೆ ಸಿಡಿಲಿನಂತಹ ಸೆಳೆತ ಬರಲಿಲ್ಲವೆಂಬ ಒಂದೇ ಕಾರಣಕ್ಕೆ ದೇವರ ಚಿತ್ತ ಇಲ್ಲಿಲ್ಲ ಎಂದುಕೊಳ್ಳಬೇಡಿ. ಆತ ನಿಮ್ಮನ್ನು ಏನಾದರೂ ಕೇಳುತ್ತಾರೆಯೇ, ಕೇಳಿ ಉತ್ತರಕ್ಕಾಗಿ ಕಾಯುತ್ತಾರೆಯೇ, ನಿಮ್ಮ ‘ಇಲ್ಲ’ವನ್ನು ತಾಳಿಕೊಳ್ಳುತ್ತಾರೆಯೇ ಎಂಬುದನ್ನು ನೋಡಿ.

ಇನ್ನು ಪಾಠ ಹೇಳುವ ನಮ್ಮ ಪಾಲಿಗೆ ಉಳಿದದ್ದು ಪರಮಗೀತೆಯ ಪರದೆಯನ್ನು ಸರಿಸುವ ಕೆಲಸ. ನಮ್ಮ ವಿದ್ಯಾರ್ಥಿಗಳು ನಾಳೆ ಇಂತಹ ಚೀಟಿಗಳನ್ನು ಓದಬ��ಕಾದವರು. ಮೊಬೈಲಿನ ಕಥೆಗಳು ದೇಹದ ಬಗ್ಗೆ ಧಾರಾಳವಾಗಿ ಮಾತನಾಡುತ್ತಿರುವಾಗ ನಾವು ವಿನಯ, ತಪಸ್ಸು ಎಂದು ಪುಟ ತಿರುಗಿಸುತ್ತಿದ್ದರೆ, ಬೀಗ ಹಾಕಿದ ತೋಟದ ಹೊರಗೆ ನಿಂತು ತಟ್ಟುವ ಪ್ರಿಯನ ಕಥೆಯನ್ನು ಅವರ ಜನರಿಗೆ ಹೇಳುವವರು ಯಾರು?